ಗೂಡಿನ ಅಳತೆ, ಕಡಲಿನ ನಕಾಶೆ

ಉತ್ತರ ಸಮುದ್ರದ ಮೇಲೆ ಚಳಿಗಾಲದ ಬಿರುಗಾಳಿ ಎದ್ದು ಅಡಗಿದ ಮರುದಿನ ಸ್ಕಾಟ್ಲೆಂಡಿನ ಅಥವಾ ಇಂಗ್ಲೆಂಡಿನ ಪೂರ್ವ ತೀರದಲ್ಲಿ ನಡೆದರೆ, ಅಲೆಗಳು ಬಿಟ್ಟುಹೋದ ಕಸದ ಸಾಲಿನಲ್ಲಿ ತೆಳು ಕಂದುಬಣ್ಣದ ಎಲೆಗೊಂಚಲುಗಳು ಸಿಗುತ್ತವೆ. ಅಂಗೈಯಷ್ಟು ದೊಡ್ಡವು. ಬುಡದಲ್ಲಿ ಕಿರಿದು, ತುದಿಯಲ್ಲಿ ಅಗಲ, ನಡುನಡುವೆ ಸೀಳಿಕೊಂಡ ಪಟ್ಟಿಗಳು. ಒಣಗಿದ್ದರೆ ಹಳೆಯ ಕಡತದ ಕಾಗದದ ಹಾಗೆ ಗರಗರ ಎನ್ನುತ್ತವೆ. ಯಾವುದೋ ಕಡಲಕಳೆ ಎಂದುಕೊಂಡು ಜನ ದಾಟಿಹೋಗುತ್ತಾರೆ.

ಈ ತಪ್ಪು ಇಂದು ನಿನ್ನೆಯದಲ್ಲ. 1665ರಲ್ಲಿ ರಾಬರ್ಟ್ ಹುಕ್ ತನ್ನ ‘ಮೈಕ್ರೋಗ್ರಾಫಿಯಾ’ ಪುಸ್ತಕಕ್ಕಾಗಿ ಇದೇ ವಸ್ತುವಿನ ಚೂರೊಂದನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದ. ಎಲೆಯ ಎರಡೂ ಬದಿಯಲ್ಲಿ ಜೇನುಹುಟ್ಟಿನಂಥ ಕೆತ್ತನೆ ಕಂಡು ಬೆರಗಾಗಿ ಅದರ ಚಿತ್ರ ಬರೆದ. ಬಿರಡೆಯ ತೊಗಟೆಯನ್ನು ನೋಡಿ ವಿಜ್ಞಾನಕ್ಕೆ ‘ಸೆಲ್’ ಎಂಬ ಪದವನ್ನು ಕೊಟ್ಟ ಪುಸ್ತಕವೂ ಅದೇ. ಆದರೆ ಕಡಲಿನ ಆ ಜೇನುಹುಟ್ಟನ್ನು ಹುಕ್ ಕಡಲಕಳೆ ಎಂದೇ ಬರೆದ. ಅವನ ಕೈಗೆ ಸಿಕ್ಕಿದ್ದು ಖಾಲಿ ಗೂಡುಗಳು. ಒಳಗಿದ್ದವರು ಆಗಲೇ ಸತ್ತು ಒಣಗಿಹೋಗಿದ್ದರು.

ಅದು ಪ್ರಾಣಿ. ಇನ್ನೂ ಸರಿಯಾಗಿ ಹೇಳುವುದಾದರೆ, ಸಾವಿರಾರು ಪುಟ್ಟ ಪ್ರಾಣಿಗಳು ಬೆನ್ನಿಗೆ ಬೆನ್ನು ಅಂಟಿಸಿಕೊಂಡು ಕಟ್ಟಿದ ಎಲೆ. ಹೆಸರು ಫ್ಲಸ್ಟ್ರಾ ಫೋಲಿಯೇಸಿಯಾ. ಬ್ರಯೋಜೋವಾ ಎಂಬ ಗುಂಪಿಗೆ ಸೇರಿದ್ದು. 1831ರಲ್ಲಿ ಜರ್ಮನಿಯ ಎರೆನ್‌ಬರ್ಗ್ ಗ್ರೀಕ್ ಪದಗಳಿಂದ ಕಟ್ಟಿದ ಈ ಗುಂಪಿನ ಹೆಸರಿಗೆ ‘ಹಾವಸೆ ಪ್ರಾಣಿ’ ಎಂದು ಅರ್ಥ. ಫೋಲಿಯೇಸಿಯಾ ಎಂದರೆ ಎಲೆಯಂಥದ್ದು. ಫ್ಲಸ್ಟ್ರಾ ಎಂಬ ಲ್ಯಾಟಿನ್ ಪದಕ್ಕೆ ಶಾಂತವಾದ ಕಡಲು ಎಂಬ ಅರ್ಥವಿದೆ. ಈ ಪ್ರಾಣಿಯಾದರೋ ನೀರಿನ ಸೆಳವು ಜೋರಾಗಿರುವ ಕಡೆಯೇ ಬದುಕುತ್ತದೆ. ಯಾಕೆ ಅಲ್ಲೇ, ಯಾಕೆ ಅಷ್ಟು ತಣ್ಣನೆಯ ಕಡಲಿನಲ್ಲೇ ಎಂದು ಕೇಳಿದರೆ ಉತ್ತರಕ್ಕೆ ಭೂಪಟ ನೋಡಿದರೆ ಸಾಲದು, ಒಂದು ಗೂಡನ್ನು ಬಿಚ್ಚಿ ನೋಡಬೇಕು. ಅದರ ಹರವಿನ ನಕಾಶೆಯೆಲ್ಲ ಆ ಗೂಡಿನ ಅಳತೆಯಲ್ಲಿ ಅಡಗಿದೆ ಎನ್ನುವುದು ನನ್ನ ನಂಬಿಕೆ.

ಒಂದು ಗೂಡು ಸುಮಾರು 0.4 ಮಿಲಿಮೀಟರ್ ಉದ್ದ, ಅದರ ಅರ್ಧದಷ್ಟು ಅಗಲ. ಒಂದು ಚದರ ಸೆಂಟಿಮೀಟರ್ ಎಲೆಯ ಒಂದೇ ಬದಿಯಲ್ಲಿ ಸಾವಿರದ ಆಸುಪಾಸು ಗೂಡುಗಳು ಹಿಡಿಸುತ್ತವೆ. ಪ್ರತಿ ಗೂಡಿನಲ್ಲೂ ಒಂದು ಪ್ರಾಣಿ. ವಿಜ್ಞಾನಿಗಳು ಇದನ್ನು ಜೂಯಿಡ್ ಎನ್ನುತ್ತಾರೆ. ಗೂಡಿನ ಪಕ್ಕದ ಗೋಡೆಗಳಲ್ಲಿ ಸ್ವಲ್ಪವೇ ಸುಣ್ಣ. ಹವಳದ ಗೋಡೆಯಂತೆ ಕಲ್ಲಾಗಿರುವುದಿಲ್ಲ. ಎದುರಿನ ಮುಖಕ್ಕೆ ಗೋಡೆಯೇ ಇಲ್ಲ, ಪಾರದರ್ಶಕ ಪೊರೆಯೊಂದು ಬಿಗಿದಿರುತ್ತದೆ. ಮೇಲ್ತುದಿಯಲ್ಲಿ ಅರ್ಧಚಂದ್ರಾಕಾರದ ಮುಚ್ಚಳ, ಅದರ ಆಚೀಚೆ ನಾಲ್ಕೈದು ಮೊಂಡು ಮುಳ್ಳುಗಳು.

ಮುಚ್ಚಳದ ಒಳಗೆ ಮಡಚಿಕೊಂಡಿರುವುದು 13–14 ಸ್ಪರ್ಶಾಂಗಗಳ ಒಂದು ಕಟ್ಟು. ಅದನ್ನು ಹೊರಗೆ ತಳ್ಳುವ ಉಪಾಯ ನೋಡಿದಾಗಲೆಲ್ಲ ನನಗೆ ಚಕ್ಕುಲಿ ಒರಳು ನೆನಪಾಗುತ್ತದೆ. ಮೇಲಿನಿಂದ ಒತ್ತಿದರೆ ಹಿಟ್ಟಿಗೆ ಬೇರೆ ದಾರಿಯಿಲ್ಲದೆ ತೂತಿನಿಂದ ಹೊರಬರಬೇಕು. ಇಲ್ಲೂ ಹಾಗೆಯೇ. ಪಕ್ಕದ ಗೋಡೆಯಿಂದ ಪೊರೆಗೆ ಕಟ್ಟಿದ ಸಣ್ಣ ಸ್ನಾಯುಗಳು ಕುಗ್ಗಿ ಪೊರೆಯನ್ನು ಒಳಕ್ಕೆ ಎಳೆಯುತ್ತವೆ. ಗೂಡಿನೊಳಗಿನ ದ್ರವ ಕುಗ್ಗುವಂಥದ್ದಲ್ಲ, ಸೋರಿಹೋಗಲು ಜಾಗವೂ ಇಲ್ಲ. ಆ ಒತ್ತಡಕ್ಕೆ ಸ್ಪರ್ಶಾಂಗಗಳ ಕಟ್ಟು ಮುಚ್ಚಳ ತಳ್ಳಿಕೊಂಡು ಮೇಲೇಳುತ್ತದೆ. ಹೊರಬಂದೊಡನೆ ಆಲಿಕೆಯ ಆಕಾರದಲ್ಲಿ ಅರಳುತ್ತದೆ. ಅಪಾಯದ ಸುಳಿವು ಸಿಕ್ಕರೆ ಸಾಕು, ಗೂಡಿನ ತಳದಿಂದ ಬಂದ ಇನ್ನೊಂದು ಸ್ನಾಯು ಇಡೀ ಕಟ್ಟನ್ನು ಒಂದೇ ಏಟಿಗೆ ಒಳಗೆಳೆದು ಮುಚ್ಚಳ ಹಾಕಿಬಿಡುತ್ತದೆ. ಅರಳುವಾಗ ನಿಧಾನ, ಮುದುಡುವಾಗ ಮಿಂಚು. ಈಗ ಪೊರೆ ಯಾಕೆ ಮೆತ್ತಗಿದೆ ಎಂದು ತಿಳಿಯುತ್ತದೆ. ಎದುರಿನ ಮುಖವೂ ಸುಣ್ಣದ ಗೋಡೆಯಾಗಿದ್ದರೆ ಈ ಯಂತ್ರ ನಡೆಯುತ್ತಿರಲಿಲ್ಲ. ಸುಣ್ಣದ ಮುಖವಿರುವ ಇತರ ಬ್ರಯೋಜೋವಾಗಳು ಇದೇ ಕೆಲಸಕ್ಕೆ ಒಳಗೊಂದು ನೀರಿನ ಚೀಲವನ್ನೇ ಇಟ್ಟುಕೊಂಡಿವೆ.

ಅರಳಿದ ಆಲಿಕೆಯ ನಡುವೆ ಬಾಯಿ. ಸ್ಪರ್ಶಾಂಗಗಳ ಮೈತುಂಬ ಅಲುಗಾಡುವ ಸೂಕ್ಷ್ಮ ರೋಮಗಳು. ಅವು ಬಡಿದಾಡಿ ನೀರನ್ನು ಬಾಯಿಯ ಕಡೆಗೆ ಎಳೆದು, ಸ್ಪರ್ಶಾಂಗಗಳ ಸಂದಿನಿಂದ ಹೊರಹಾಕುತ್ತವೆ. ನೀರಿನಲ್ಲಿ ತೇಲಿಬಂದ ಒಂಟಿಕೋಶದ ಪಾಚಿ ಬಾಯಿಗೆ ಬೀಳುತ್ತದೆ. ಕರುಳು ಯು ಆಕಾರದಲ್ಲಿ ಬಾಗಿ, ಮಲದ್ವಾರ ಸ್ಪರ್ಶಾಂಗಗಳ ಉಂಗುರದ ಹೊರಗೆ ತೆರೆದುಕೊಳ್ಳುತ್ತದೆ. ಹೃದಯವಿಲ್ಲ, ಕಿವಿರಿಲ್ಲ, ಮೂತ್ರಪಿಂಡವೂ ಇಲ್ಲ. ಇಷ್ಟು ಚಿಕ್ಕ ಮೈಗೆ ಆಮ್ಲಜನಕ ಚರ್ಮದ ಮೂಲಕವೇ ಇಳಿಯುತ್ತದೆ. ಬಾಯಿಯ ಪಕ್ಕ ಒಂದು ನರಗಂಟು ಇದೆ. ಮುಚ್ಚಳ ಯಾವಾಗ ಎಳೆಯಬೇಕು ಎಂದು ತಿಳಿಯಲು ಅದು ಸಾಕು.

ಕಶ್ಮಲ ಹೊರಹಾಕುವ ಅಂಗವಿಲ್ಲದ ಈ ಪ್ರಾಣಿಗೆ ಒಂದು ತೊಂದರೆ ಎದುರಾಗುತ್ತದೆ. ಉಳಿಕೆಗಳು ದೇಹದೊಳಗೆ ಕೂಡುತ್ತ ಹೋಗುತ್ತವೆ. ಕೆಲವು ವಾರಗಳ ನಂತರ ಸ್ಪರ್ಶಾಂಗ, ಕರುಳು, ನರ ಎಲ್ಲವೂ ಕರಗಿ ಕಂದುಬಣ್ಣದ ಸಣ್ಣ ಉಂಡೆಯಾಗಿಬಿಡುತ್ತವೆ. ಪ್ರಾಣಿ ಸತ್ತಿತು ಎಂದುಕೊಳ್ಳಬೇಡಿ. ಗೂಡಿನ ಗೋಡೆಗೆ ಅಂಟಿದ ಜೀವಂತ ಪದರದಿಂದ ಹೊಸ ಮೊಗ್ಗೊಡೆದು ಹೊಸ ಸ್ಪರ್ಶಾಂಗ, ಹೊಸ ಕರುಳು ಬೆಳೆಯುತ್ತವೆ. ಮನೆ ಅದೇ, ಒಳಗಿನ ದೇಹ ಮಾತ್ರ ಹೊಸದು. ಒಂದು ಗೂಡಿನ ಬಾಳಿನಲ್ಲಿ ಇದು ಹಲವು ಸಲ ನಡೆಯುತ್ತದೆ. ಬ್ರಯೋಜೋವಾಗಳ ಬಗ್ಗೆ ಓದಿದ್ದರಲ್ಲಿ ನನ್ನನ್ನು ಅತಿ ಹೆಚ್ಚು ಕಾಡಿದ ಸಂಗತಿ ಇದು.

ನೆರೆಹೊರೆಯ ಗೂಡುಗಳ ನಡುವಿನ ಗೋಡೆಗಳಲ್ಲಿ ಸೂಕ್ಷ್ಮ ರಂಧ್ರಗಳಿವೆ. ಅವುಗಳ ಮೂಲಕ ಊತಕದ ಎಳೆಗಳು ಗೂಡಿನಿಂದ ಗೂಡಿಗೆ ಹಾದು ಆಹಾರವನ್ನು ಸಾಗಿಸುತ್ತವೆ. ಇದಿಲ್ಲದೆ ಎಲೆ ಬೆಳೆಯಲಾರದು. ಯಾಕೆಂದರೆ ಹೊಸ ಗೂಡುಗಳು ಹುಟ್ಟುವುದು ಎಲೆಯ ಅಂಚಿನಲ್ಲಿ ಮಾತ್ರ. ಅಲ್ಲಿನ ಎಳೆಯ ಗೂಡುಗಳಿಗೆ ಇನ್ನೂ ಬಾಯಿ ಮೂಡಿರುವುದಿಲ್ಲ. ಹಿಂದಿನ ಸಾಲಿನವರು ಉಂಡದ್ದು ಮುಂದಿನ ಸಾಲಿಗೆ ಹೋಗಬೇಕು.

ಗೂಡುಗಳ ಸಾಲು ಕವಲೊಡೆಯುವ ಕಡೆ ಇನ್ನೊಂದು ಬಗೆಯ ಚಿಕ್ಕ ಗೂಡು ಕಾಣುತ್ತದೆ. ಅದಕ್ಕೆ ಸ್ಪರ್ಶಾಂಗವಿಲ್ಲ, ಕರುಳಿಲ್ಲ. ಮುಚ್ಚಳ ಮಾತ್ರ ಗಟ್ಟಿಯಾಗಿ ದವಡೆಯಾಗಿದೆ. ಹೆಸರು ಅವಿಕ್ಯುಲೇರಿಯಂ, ಅಂದರೆ ಪುಟ್ಟ ಹಕ್ಕಿ. ಮೈಮೇಲೆ ಹರಿದಾಡಲು ಬಂದ ಸಣ್ಣ ಜೀವಿಗಳ ಕಾಲು ಹಿಡಿಯುವುದು ಅದರ ಕೆಲಸ. ಅದರ ಊಟ ಪಕ್ಕದ ಮನೆಯಿಂದ ಬರುತ್ತದೆ. ಡಾರ್ವಿನ್ ತನ್ನ ‘ಆರಿಜಿನ್ ಆಫ್ ಸ್ಪೀಶೀಸ್’ನ 1872ರ ಆವೃತ್ತಿಯಲ್ಲಿ ಟೀಕಾಕಾರರಿಗೆ ಉತ್ತರ ಕೊಡುವಾಗ ಈ ದವಡೆಗಳನ್ನೇ ಎತ್ತಿಕೊಂಡ. ಸಾಮಾನ್ಯ ಗೂಡಿನ ಮುಚ್ಚಳವೇ ಹಂತಹಂತವಾಗಿ ದವಡೆಯಾಯಿತು ಎಂದು ಜಾರ್ಜ್ ಬಸ್ಕ್ ಮೊದಲಾದ ತಜ್ಞರ ಮಾತಿನ ಆಧಾರದ ಮೇಲೆ ವಾದಿಸಿದ.

ಈ ಜೀವಿಗಳ ಜೊತೆ ಡಾರ್ವಿನ್‌ಗೆ ಹಳೆಯ ನಂಟು. ಎಡಿನ್‌ಬರೋದಲ್ಲಿ ವೈದ್ಯಶಾಸ್ತ್ರ ಓದಲು ಹೋಗಿ ಅದು ರುಚಿಸದೆ, ನ್ಯೂಹೇವನ್ನಿನ ಬೆಸ್ತರ ದೋಣಿಗಳಿಂದ ಬಂದ ಕಡಲಜೀವಿಗಳನ್ನು ಕೂಡಿಹಾಕುತ್ತಿದ್ದ ದಿನಗಳವು. ಅವನಿಗೆ ಸಿಕ್ಕಿದ್ದು ಫ್ಲಸ್ಟ್ರಾದ ದಾಯಾದಿ, ಆಗ ಫ್ಲಸ್ಟ್ರಾ ಎಂದೇ ಕರೆಯುತ್ತಿದ್ದು ಇಂದು ಕಾರ್ಬೇಸಿಯಾ ಕಾರ್ಬೇಸಿಯಾ ಎನ್ನುವ ಪ್ರಭೇದ. ಇದರ ಎಲೆಗೆ ಗೂಡುಗಳ ಒಂದೇ ಪದರ. ಆ ಎಲೆಯ ಮೇಲೆ ಬರಿಗಣ್ಣಿಗೂ ಕಾಣುವ ಹಳದಿ ಚುಕ್ಕೆಗಳನ್ನು ನೋಡಿದ. ಸೂಕ್ಷ್ಮದರ್ಶಕದ ಕೆಳಗಿಟ್ಟಾಗ ಅವು ರೋಮಗಳನ್ನು ಬಡಿಯುತ್ತ ಈಜುತ್ತಿದ್ದವು. 1827ರ ಮಾರ್ಚ್ 27ರಂದು ಪ್ಲಿನಿಯನ್ ಸೊಸೈಟಿಯ ಸಭೆಯಲ್ಲಿ ಫ್ಲಸ್ಟ್ರಾದ ಮೊಟ್ಟೆಗಳಿಗೆ ಚಲನೆಯ ಅಂಗಗಳಿವೆ ಎಂದು ತಿಳಿಸಿದ. ಆಗ ವಯಸ್ಸು 18. ಅದು ಅವನ ಮೊದಲ ವೈಜ್ಞಾನಿಕ ಮಂಡನೆ. ಮೂರು ದಿನ ಮೊದಲೇ ಅವನ ಗುರು ರಾಬರ್ಟ್ ಗ್ರಾಂಟ್ ಇನ್ನೊಂದು ಸಭೆಯಲ್ಲಿ ಇದೇ ವಿಷಯ ಓದಿಬಿಟ್ಟಿದ್ದರು. ಆ ಮೊಟ್ಟೆಗಳು ನಿಜಕ್ಕೂ ಲಾರ್ವಾಗಳಾಗಿದ್ದವು ಎಂದು ಡಾರ್ವಿನ್ ಆತ್ಮಕಥೆಯಲ್ಲಿ ತಾನೇ ತಿದ್ದಿಕೊಂಡಿದ್ದಾನೆ.

ಆ ಈಜುವ ಚುಕ್ಕೆಯಿಂದಲೇ ನಕಾಶೆ ಶುರುವಾಗುತ್ತದೆ. ಫ್ಲಸ್ಟ್ರಾ ತನ್ನ ಭ್ರೂಣಗಳನ್ನು ಗೂಡಿನ ಮೇಲ್ತುದಿಯಲ್ಲಿ ಹುದುಗಿದ ಪುಟ್ಟ ಕೋಣೆಯಲ್ಲಿ ಸಾಕುತ್ತದೆ. ಹೊರಬಿದ್ದ ಲಾರ್ವಾಕ್ಕೆ ಉಣ್ಣುವ ಬಾಯಿಲ್ಲ. ತಾಯಿ ಕಟ್ಟಿಕೊಟ್ಟ ಬುತ್ತಿ ಮುಗಿಯುವುದರೊಳಗೆ ನೆಲೆ ಹುಡುಕಿಕೊಳ್ಳಬೇಕು. ತಿಂಗಳುಗಟ್ಟಲೆ ಸಾಗರದಲ್ಲಿ ತೇಲಿ ಖಂಡಾಂತರ ಹೋಗುವ ಲಾರ್ವಾಗಳೂ ಇವೆ. ಇದು ಆ ಜಾತಿಯದಲ್ಲ. ಹತ್ತಿರದಲ್ಲೇ ಕಲ್ಲೋ ಚಿಪ್ಪೋ ಸಿಗಬೇಕು. ಮರಳು ಮಾತ್ರ ಹಾಸಿದ ತಳದಲ್ಲಿ, ಕೆಸರಿನಲ್ಲಿ ಅದಕ್ಕೆ ಬದುಕಿಲ್ಲ. ಸಿಕ್ಕ ಕಲ್ಲಿಗೆ ಅಂಟಿ, ರೂಪ ಬದಲಿಸಿ ಮೊದಲ ಗೂಡಾಗುತ್ತದೆ. ಅದರಿಂದ ಮೊಗ್ಗೊಡೆದು ಎರಡು, ನಾಲ್ಕು, ಹತ್ತಾರು.

ಮೊದಲ ವರ್ಷ ಅದು ಕಲ್ಲಿಗೆ ಮೆತ್ತಿದ ತೆಳು ಹೊಪ್ಪಳೆಯಷ್ಟೇ. ಆಮೇಲೆ ಎಲೆ ಎದ್ದು ನಿಲ್ಲುತ್ತದೆ. ಯಾಕೆ ಏಳಬೇಕು? ಹರಿಯುವ ನೀರು ತಳಕ್ಕೆ ತಾಗುವ ಕಡೆ ನಿಧಾನವಾಗುತ್ತದೆ. ಕಲ್ಲಿನ ಮೈಗೆ ಒತ್ತಿಕೊಂಡ ತೆಳು ಪದರ ನಿಂತೇ ಇರುವಂತಿರುತ್ತದೆ. ಒಂದು ಮಿಲಿಮೀಟರಿಗೂ ಕಡಿಮೆ ಉದ್ದದ ಸ್ಪರ್ಶಾಂಗಗಳು ದೂರದ ನೀರನ್ನು ಎಳೆದು ತರಲಾರವು. ಹತ್ತಿರದ ನೀರಿನಲ್ಲಿದ್ದ ಪಾಚಿ ಮುಗಿದರೆ ಹೊಸ ನೀರು ತಾನಾಗಿ ಬರಬೇಕು. ಹತ್ತು ಸೆಂಟಿಮೀಟರ್ ಮೇಲೆದ್ದ ಎಲೆಗೆ ಆ ಹೊಸ ನೀರು ಎರಡೂ ಬದಿಯಿಂದ ಸಿಗುತ್ತದೆ. ಬೆನ್ನಿಗೆ ಬೆನ್ನು ಕೊಟ್ಟ ಎರಡು ಪದರದ ಲಾಭ ಇದು. ಕೆಲವು ಎಲೆಗಳು 20 ಸೆಂಟಿಮೀಟರಿನವರೆಗೂ ಬೆಳೆಯುತ್ತವೆ.

ಹೀಗೆ ನೆಟ್ಟಗೆ ನಿಂತರೆ ಸೆಳವಿಗೆ ಮುರಿಯಬಾರದಲ್ಲ, ಅದಕ್ಕೇ ಗೋಡೆಗೆ ಸುಣ್ಣ ಕಡಿಮೆ. ಗದ್ದೆಯ ಪೈರು ಗಾಳಿಗೆ ಬಾಗಿದಂತೆ ಎಲೆ ಭರತಕ್ಕೆ ಒಂದು ಕಡೆ, ಇಳಿತಕ್ಕೆ ಇನ್ನೊಂದು ಕಡೆ ಬಾಗಿ ಮತ್ತೆ ಏಳುತ್ತದೆ. ಸೆಳವಿನ ಜೊತೆ ಮರಳು ಬಂದು ಬಂಡೆಯನ್ನು ಉಜ್ಜುತ್ತದೆ. ಎಷ್ಟೋ ಮೆದು ಜೀವಿಗಳು ಆ ಉಜ್ಜಿಗೆ ಸವೆದುಹೋಗುತ್ತವೆ, ಫ್ಲಸ್ಟ್ರಾ ತಾಳಿಕೊಳ್ಳುತ್ತದೆ. ಹಾಗಾಗಿ ಅರ್ಧ ಮರಳಲ್ಲಿ ಹೂತ ಬಂಡೆಗಳ ಮೇಲೆ, ಭರತ ಇಳಿತದ ನೀರು ನುಗ್ಗುವ ಜಲಸಂಧಿಗಳಲ್ಲಿ ಅದರ ತೋಪುಗಳೇ ಬೆಳೆದಿರುತ್ತವೆ. ಅದರ ವಾಸ ಹೆಚ್ಚಾಗಿ ತೀರದ ಆಳವಿಲ್ಲದ ನೀರಿನಿಂದ ನೂರು ಮೀಟರಿನ ಆಳದವರೆಗೆ.

ಇನ್ನು ಚಳಿ. ಉತ್ತರ ಅಟ್ಲಾಂಟಿಕ್‌ನಲ್ಲಿ ಚಳಿಗಾಲವೆಂದರೆ ನೀರು ತಣ್ಣಗಾಗುವುದಷ್ಟೇ ಅಲ್ಲ, ಬೆಳಕು ಕುಂದಿ ಪಾಚಿಯೂ ಇಲ್ಲವಾಗುತ್ತದೆ. ಊಟವಿಲ್ಲದ ತಿಂಗಳುಗಳಲ್ಲಿ ಫ್ಲಸ್ಟ್ರಾ ಬೆಳೆಯುವುದನ್ನು ನಿಲ್ಲಿಸುತ್ತದೆ. ವಸಂತದಲ್ಲಿ ಸೂರ್ಯ ಏರಿ, ಪಾಚಿ ಉಕ್ಕಿದಾಗ ಮತ್ತೆ ಅಂಚಿನಲ್ಲಿ ಗೂಡು ಕಟ್ಟತೊಡಗುತ್ತದೆ. ನಿಂತು ಮುಂದುವರಿದ ಜಾಗದಲ್ಲಿ ಎಲೆಯ ಅಡ್ಡಕ್ಕೆ ಒಂದು ಗೆರೆ ಉಳಿಯುತ್ತದೆ, ತೇಗದ ಮರ ಕಡಿದಾಗ ಕಾಣುವ ವರ್ಷದ ಉಂಗುರದಂತೆ. ವೇಲ್ಸ್‌ನ ಗೋವರ್ ಪರ್ಯಾಯ ದ್ವೀಪದ ಬಳಿ ಈ ಗೆರೆಗಳನ್ನು ಎಣಿಸಿದ ಸ್ಟೆಬ್ಬಿಂಗ್ ಎಂಬ ವಿಜ್ಞಾನಿ 1971ರಲ್ಲಿ ತಮ್ಮ ಅಧ್ಯಯನ ಪ್ರಕಟಿಸಿದರು. ಫ್ಲಸ್ಟ್ರಾ 12 ವರ್ಷದವರೆಗೆ ಬಾಳುತ್ತದೆ ಎಂಬುದು ಹೀಗೆ ತಿಳಿದದ್ದು. ತೀರಕ್ಕೆ ಬಂದು ಬಿದ್ದ ಒಣ ಎಲೆಯಲ್ಲೂ ಗೆರೆ ಅಳಿಸಿರುವುದಿಲ್ಲ. ಬೆಳಕಿಗೆ ಹಿಡಿದು ಬುಡದಿಂದ ತುದಿಗೆ ಎಣಿಸುತ್ತ ಹೋದರೆ ಅದು ಕಳೆದ ಚಳಿಗಾಲಗಳ ಲೆಕ್ಕ ಸಿಗುತ್ತದೆ.

ಚಳಿ ಇನ್ನೊಂದು ಗುರುತನ್ನೂ ಬಿಡುತ್ತದೆ. ಬ್ರಯೋಜೋವಾಗಳು ತಣ್ಣೀರಿನಲ್ಲಿ ಕಟ್ಟಿದ ಗೂಡುಗಳು ಸಾಮಾನ್ಯವಾಗಿ ದೊಡ್ಡವು, ಬೆಚ್ಚಗಿನ ನೀರಿನಲ್ಲಿ ಕಟ್ಟಿದವು ಚಿಕ್ಕವು. ಮೊಗ್ಗೊಡೆದು ಒಟ್ಟಿಗೆ ಬೆಳೆದ ಒಂದೇ ಸಮೂಹದ ಗೂಡುಗಳ ಅಳತೆ ಎಷ್ಟು ಏರಿಳಿದಿದೆ ಎಂದು ನೋಡಿ, ಆ ಕಡಲಿನಲ್ಲಿ ಬೇಸಿಗೆಗೂ ಚಳಿಗಾಲಕ್ಕೂ ಎಷ್ಟು ಅಂತರವಿತ್ತು ಎಂದು ಅಂದಾಜಿಸಬಹುದು. ಸುಣ್ಣ ಹೆಚ್ಚಿರುವ ಬ್ರಯೋಜೋವಾಗಳ ಪಳೆಯುಳಿಕೆಗಳ ಮೇಲೆ ಈ ಅಳತೆಗೋಲನ್ನಿಟ್ಟು ಇಂಗ್ಲೆಂಡಿನ ಸಫೋಕ್‌ನ ಲಕ್ಷಾಂತರ ವರ್ಷ ಹಳೆಯ ಕಡಲಿನ ಋತುಗಳನ್ನು ಓದಿದ್ದಾರೆ. ಉಷ್ಣಮಾಪಕ ಹುಟ್ಟುವ ಎಷ್ಟೋ ಮೊದಲಿನ ಬಿಸಿಲು, ಚಳಿ ಅರ್ಧ ಮಿಲಿಮೀಟರಿನ ಗೋಡೆಗಳಲ್ಲಿ ಉಳಿದಿರುವುದು ನನಗೆ ಸಣ್ಣ ಸಂಗತಿಯಾಗಿ ಕಾಣುವುದಿಲ್ಲ.

ಇಷ್ಟು ತಿಳಿದ ಮೇಲೆ ನಕಾಶೆ ಬಿಡಿಸುವುದು ಸುಲಭ. ರಷ್ಯಾದ ಶ್ವೇತ ಸಮುದ್ರ, ನಾರ್ವೆಯ ಉತ್ತರ ತುದಿಯಿಂದ ಕೆಳಗಿಳಿದು, ಬ್ರಿಟನ್ ಮತ್ತು ಐರ್ಲೆಂಡಿನ ಸುತ್ತ ಹರಡಿ, ಉತ್ತರ ಸಮುದ್ರವನ್ನು ತುಂಬಿ, ಫ್ರಾನ್ಸ್ ಮತ್ತು ಸ್ಪೇನ್ ನಡುವಿನ ಬಿಸ್ಕೆ ಕೊಲ್ಲಿಗೆ ಬಂದು ನಿಲ್ಲುತ್ತದೆ. ಅಲ್ಲಿಂದ ದಕ್ಷಿಣಕ್ಕಿಲ್ಲ. ಪೂರ್ವಕ್ಕೆ ಡೆನ್ಮಾರ್ಕಿನ ಕಾಟೆಗಾಟ್ ಜಲಸಂಧಿಯಲ್ಲಿದೆ, ಬಾಲ್ಟಿಕ್‌ನ ಒಳಕ್ಕೆ ಹೋಗುವುದಿಲ್ಲ. ಬಾಲ್ಟಿಕ್ ಸಾಕಷ್ಟು ತಣ್ಣಗಿದೆ, ಕಲ್ಲುಗಳೂ ಇವೆ. ಆದರೆ ನಡು ಬಾಲ್ಟಿಕ್‌ನ ನೀರಿನಲ್ಲಿ ಉಪ್ಪು ಸಾಗರದ ಕಾಲುಭಾಗಕ್ಕಿಂತಲೂ ಕಡಿಮೆ. ಮೂತ್ರಪಿಂಡವಿಲ್ಲದ, ದೇಹದ ಉಪ್ಪನ್ನು ತಾನೇ ಸರಿದೂಗಿಸಿಕೊಳ್ಳಲಾರದ ಪ್ರಾಣಿಗೆ ಆ ಬಾಗಿಲು ಮುಚ್ಚಿದೆ.

ನಮ್ಮ ಅರಬ್ಬಿ ಕಡಲಿನಲ್ಲಿ ಫ್ಲಸ್ಟ್ರಾ ಇಲ್ಲ. ಬೇಸಿಗೆಯಲ್ಲಿ ಇಲ್ಲಿನ ಮೇಲ್ನೀರು 30 ಡಿಗ್ರಿಯ ಹತ್ತಿರ ಹೋಗುತ್ತದೆ. ಆದರೆ ಅದರ ಬಳಗ ಇದೆ. ಕಾರವಾರ, ಮಲ್ಪೆಯ ಕಡೆ ದೋಣಿಯ ತಳದಲ್ಲಿ, ಧಕ್ಕೆಯ ಕಂಬದಲ್ಲಿ, ಪಚ್ಚಿಲೆಯ ಚಿಪ್ಪಿನ ಮೇಲೆ ಬಿಳಿ ಜಾಲರಿಯಂತೆ ಅಂಟಿಕೊಂಡಿದ್ದನ್ನು ಕೆರೆದು ಮಸೂರದಲ್ಲಿ ನೋಡಿದರೆ ಅದೇ ಆಯತದ ಗೂಡುಗಳು, ಅದೇ ಸಾಲು.

ಹೊಸದಾಗಿ ಮೇಲೆತ್ತಿದ ಫ್ಲಸ್ಟ್ರಾಕ್ಕೆ ನಿಂಬೆಯ ಪರಿಮಳವಿದೆ. ಇದು ಕವಿಕಲ್ಪನೆಯಲ್ಲ. ಡೆನ್ಮಾರ್ಕಿನ ರಸಾಯನಶಾಸ್ತ್ರಜ್ಞರಾದ ಕ್ರಿಸ್ಟೋಫರ್ಸನ್ ಮತ್ತು ಕಾರ್ಲೆ 1978ರಲ್ಲಿ ಇದರ ವಾಸನೆಯ ಅಂಶಗಳನ್ನು ಬೇರ್ಪಡಿಸಿದಾಗ ಸಿಕ್ಕವುಗಳಲ್ಲಿ ಸಿಟ್ರಾಲ್ ಒಂದು. ನಮ್ಮ ಹಿತ್ತಲಿನ ಮಜ್ಜಿಗೆ ಹುಲ್ಲನ್ನು ಉಜ್ಜಿದಾಗ ಮೂಗಿಗೆ ಬರುವುದೂ ಸಿಟ್ರಾಲೇ. ಮರುವರ್ಷ ಇದೇ ಪ್ರಾಣಿಯಿಂದ ಬ್ರೋಮಿನ್ ಸೇರಿದ ಆಲ್ಕಲಾಯ್ಡುಗಳೂ ದೊರೆತವು, ಫ್ಲಸ್ಟ್ರಮೀನ್ ಎಂಬ ಹೆಸರು ಬಂತು. ಈ ಬಗೆಯ ಫ್ಲಸ್ಟ್ರಾ ರಸಾಯನಗಳಲ್ಲಿ ಒಂದು ನಮ್ಮ ಮೆದುಳಿನಲ್ಲಿ ನಿಕೋಟಿನ್ ಹಿಡಿಯುವ ಗ್ರಾಹಕಗಳ ಮೇಲೆ ಕೆಲಸ ಮಾಡುತ್ತದೆ. ಓಡಲಾರದ ಪ್ರಾಣಿ ರಸಾಯನದಿಂದ ಕಾದುಕೊಳ್ಳುತ್ತದೆ. ಆದರೂ ಸಮುದ್ರ ಜೇಡಗಳು ಬಂದು ಗೂಡುಗಳಿಂದ ಹೀರುತ್ತವೆ. ಬೇರೆ ಬ್ರಯೋಜೋವಾಗಳು ಇದರ ಎಲೆಯನ್ನೇ ನೆಲ ಮಾಡಿಕೊಂಡು ಬೆಳೆಯುತ್ತವೆ.

ಇದರ ಬಳಗದ ಆಲ್ಸಿಯೋನಿಡಿಯಂ ಎಂಬ ಲೋಳೆಯಂಥ ಬ್ರಯೋಜೋವಾದ ರಸಾಯನ ಉತ್ತರ ಸಮುದ್ರದ ಬೆಸ್ತರನ್ನು ಬಹಳ ಕಾಲ ಗೋಳಾಡಿಸಿತು. ಬಲೆ ಎಳೆದಾಗ ಮೀನಿನ ಜೊತೆ ಅದೂ ಬರುತ್ತದೆ. ಬರಿಗೈಯಲ್ಲಿ ವರ್ಷಗಟ್ಟಲೆ ಅದನ್ನು ಬೇರ್ಪಡಿಸಿದವರ ಕೈ, ಮುಂಗೈ, ಮುಖದ ಮೇಲೆ ಕಜ್ಜಿ ಏಳುತ್ತಿತ್ತು. ಒಮ್ಮೆ ಮೈ ಒಗ್ಗದಾದರೆ ಮತ್ತೆ ಮುಟ್ಟಿದಾಗಲೆಲ್ಲ ಉರಿ. ‘ಡಾಗರ್ ಬ್ಯಾಂಕ್ ತುರಿಕೆ’ ಎಂಬ ಹೆಸರೇ ಬಂತು. ಕೆಲವರು ಕಡಲಿನ ಕೆಲಸವನ್ನೇ ಬಿಡಬೇಕಾಯಿತು. ಗಂಧಕ ಸೇರಿದ ಆ ರಸಾಯನವನ್ನು 1980ರಲ್ಲಿ ಗುರುತಿಸಿದವರೂ ಅದೇ ಡೆನ್ಮಾರ್ಕಿನ ಇಬ್ಬರು. ಪ್ರಾಣಿಶಾಸ್ತ್ರದ ಮೂಲೆಯ ಅಧ್ಯಾಯ ಎನಿಸಿಕೊಂಡದ್ದು ದುಡಿಯುವವರ ಕೈಯ ನೋವಿಗೆ ಕಾರಣ ಹೇಳಿತು.

ಡಾಗರ್ ಬ್ಯಾಂಕ್ ಎಂದರೆ ಉತ್ತರ ಸಮುದ್ರದ ನಡುವಿನ ಎತ್ತರದ ದಿಬ್ಬ. ಹಿಮಯುಗ ಮುಗಿಯುವ ಹೊತ್ತಿಗೆ ಅದು ನೆಲವಾಗಿತ್ತು. ಬ್ರಿಟನ್ನನ್ನು ಯೂರೋಪಿಗೆ ಸೇರಿಸಿದ್ದ ಬಯಲಿನ ಭಾಗವಾಗಿತ್ತು, ಅಲ್ಲಿ ಮನುಷ್ಯರು ಬೇಟೆಯಾಡುತ್ತಿದ್ದರು. ಸುಮಾರು 8,000 ವರ್ಷಗಳ ಹಿಂದೆ ಆ ಬಯಲು ಏರುವ ನೀರಿನಲ್ಲಿ ಮುಳುಗಿತು. ಹಾಗಾದರೆ ಉತ್ತರ ಸಮುದ್ರದ ದಕ್ಷಿಣ ಭಾಗದಲ್ಲಿರುವ ಫ್ಲಸ್ಟ್ರಾ ತೋಪುಗಳೆಲ್ಲ ಆಮೇಲೆ ಬಂದವು. ಉಣ್ಣಲು ಬಾಯಿಲ್ಲದ, ದೂರ ಹೋಗಲಾರದ ಲಾರ್ವಾ ಒಂದು ಕಲ್ಲಿನಿಂದ ಇನ್ನೊಂದು ಕಲ್ಲಿಗೆ, ಒಂದು ಚಿಪ್ಪಿನಿಂದ ಇನ್ನೊಂದು ಚಿಪ್ಪಿಗೆ, ತಲೆಮಾರಿನ ಮೇಲೆ ತಲೆಮಾರಾಗಿ ಆ ಮುಳುಗಿದ ಬಯಲನ್ನು ದಾಟಿರಬೇಕು. ನಡುವೆ ಕಲ್ಲುಗಳಿದ್ದುದರಿಂದ ದಾಟಿತು.

ಸಮುದ್ರದ ತಳವನ್ನು ಬಾಚುವ ಭಾರದ ಬಲೆಗಳು ಇಂದು ಆ ಕಲ್ಲುಗಳನ್ನೇ ಮಗುಚುತ್ತವೆ. ಮಗುಚಿದ ಕಲ್ಲಿನ ಕೆಳಗೆ ಸಿಕ್ಕಿದ ಎಲೆ ಉಳಿಯುವುದಿಲ್ಲ. ಮೇಲೆ ಬಂದ ಬೋಳು ಮುಖದ ಮೇಲೆ ಮತ್ತೊಂದು ಲಾರ್ವಾ ಕೂರಬೇಕು, ಒಂದು ವರ್ಷ ಹೊಪ್ಪಳೆಯಾಗಿ ಕಾಯಬೇಕು, ಆಮೇಲೆ ಚಳಿಗಾಲಕ್ಕೊಂದು ಗೆರೆ ಹಾಕಿಕೊಂಡು ಏಳಬೇಕು. ಹನ್ನೆರಡು ವರ್ಷದ ಫ್ಲಸ್ಟ್ರಾ ಮತ್ತೆ ಕಾಣಬೇಕಾದರೆ ಬಲೆ ಆ ಕಲ್ಲಿನ ಕಡೆ ಹನ್ನೆರಡು ವರ್ಷ ಸುಳಿಯಬಾರದು.